ಹೊಳ್ಳ ಮಾಲೆಯ ಇಬ್ಬರು ಓದುಗರು

ಹೆಣ ಬೀಳದ ಪುಸ್ತಕ ಗಂಗಲಕ್ಷ್ಮಮ್ಮನಿಗೆ ರುಚಿಸುತ್ತಿರಲಿಲ್ಲ. ಮೊದಲ ಅಧ್ಯಾಯ ಮುಗಿಯುವುದರೊಳಗೆ ಒಂದು ಕೊಲೆಯಾದರೂ ಆಗಬೇಕು, ಇಲ್ಲವೇ ಇಡೀ ಲೋಕವೇ ಸುಟ್ಟು ಬೂದಿಯಾಗಿರಬೇಕು. ಇವೆರಡೂ ಇಲ್ಲದ ಕಾದಂಬರಿಯನ್ನು ಅವಳು "ಇದ್ರಲ್ಲಿ ಬರೀ ಕಾಫಿ ಕುಡೀತಾರೆ, ಅಳ್ತಾರೆ, ಮದ್ವೆ ಆಗ್ತಾರೆ" ಎಂದು ಮಾರನೆಯ ದಿನವೇ ಲೈಬ್ರರಿಗೆ ವಾಪಸು ಕೊಟ್ಟುಬಿಡುತ್ತಿದ್ದಳು.

ಲೈಬ್ರರಿ ಎಂದರೆ ಉಗ್ರಪ್ಪನ ಅಂಗಡಿ. ಬಸವೇಶ್ವರನಗರದ ಹಿಟ್ಟಿನ ಗಿರಣಿಯ ಪಕ್ಕದ ಒಂದು ಮಳಿಗೆ. ಗೋಡೆಯುದ್ದಕ್ಕೂ ಕಂದು ಕಾಗದದ ಹೊದಿಕೆ ಹಾಕಿದ ಪುಸ್ತಕಗಳು. ಗಿರಣಿಯ ರಾಗಿಹಿಟ್ಟು ಗಾಳಿಯಲ್ಲಿ ತೇಲಿಬಂದು ಎಲ್ಲದರ ಮೇಲೂ ಕೂತಿರುತ್ತಿತ್ತು. ಪುಸ್ತಕ ತೆಗೆದುಕೊಂಡವರು ಮೊದಲು ಅದನ್ನು ತೊಡೆಗೆ ಬಡಿದು ಹಿಟ್ಟು ಕೊಡವಿಕೊಂಡೇ ಹೊರಡಬೇಕು. ಗಂಗಲಕ್ಷ್ಮಮ್ಮನಿಗೆ ಆ ಹಿಟ್ಟಿನ ವಾಸನೆಯೇ ಕಾದಂಬರಿಯ ವಾಸನೆಯಾಗಿ ಹೋಗಿತ್ತು.

ಅವಳು ಕುರುಬರಹಳ್ಳಿಯವಳು. ಅವಳಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಸೈಟುಗಳಾಗಿ, ಮನೆಗಳೆದ್ದು, ಅದಕ್ಕೆಲ್ಲ ಮೇನು, ಕ್ರಾಸು ಎಂದು ನಂಬರು ಬಿದ್ದಿದ್ದವು. ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗಿನಲ್ಲಿ ಸೀನಿಯರ್ ಪಾಸು ಮಾಡಿ, ಕಿರಾಣಿ ಅಂಗಡಿಯೊಂದರ ಮಹಡಿಯ ಮೇಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹುಡುಗಿಯರಿಗೆ ಕಲಿಸುತ್ತಿದ್ದಳು. ಬೆಳಿಗ್ಗೆ ಒಂದು ಬ್ಯಾಚು, ಸಂಜೆ ಒಂದು. ಗಂಡ ಅಂಜಿನಯ್ಯ ಮಿಲ್ಲಿನಲ್ಲಿ ನೂಲಿನ ಖಾತೆಯಲ್ಲಿದ್ದ. ಒಬ್ಬಳೇ ಮಗಳು ಮದುವೆಯಾಗಿ ತುಮಕೂರಿಗೆ ಹೋದ ಮೇಲೆ ಮಧ್ಯಾಹ್ನವೆಲ್ಲ ಗಂಗಲಕ್ಷ್ಮಮ್ಮನದೇ. ಹಿತ್ತಲ ಮೆಟ್ಟಿಲ ಮೇಲೆ ಕೂತು, ಒಂದು ಕಾಲು ಚಾಚಿ, ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಓದಿದಳೆಂದರೆ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ.

ಎಂಬತ್ತರ ದಶಕದ ಆ ವರ್ಷಗಳಲ್ಲಿ ಅವಳನ್ನು ಹಿಡಿದಿಟ್ಟಿದ್ದು ಎರಡು ಮಾಲೆಗಳು. ಒಂದು ಹೊಳ್ಳ ಮಾಲೆ. ಹೊಳ್ಳ ಎಂದರೆ ಕರಾವಳಿಯ ಒಬ್ಬ ರಿಟೈರಾದ ಪೋಸ್ಟ್‌ಮಾಸ್ಟರು. ಹೊಟ್ಟೆನೋವಿನ ಮನುಷ್ಯ, ಸದಾ ಮಜ್ಜಿಗೆ ಕುಡಿಯುತ್ತ, ಯಾರನ್ನೂ ಗದರಿಸದೆ, ಮಾತಾಡಿಸಿ ಮಾತಾಡಿಸಿಯೇ ಕೊಲೆಗಾರನನ್ನು ಬಾಯಿಬಿಡಿಸುತ್ತಿದ್ದ. ಇನ್ನೊಂದು 'ಬೂದಿಗಾಲ'. ಬಾಂಬುಗಳಿಂದ ಲೋಕವೆಲ್ಲ ಉರಿದುಹೋದ ಮೇಲೆ ಉಳಿದ ನಾಲ್ಕಾರು ಜನ ಕುಡಿಯುವ ನೀರು ಹುಡುಕಿಕೊಂಡು ನಡೆಯುತ್ತಲೇ ಇರುವ ಕಥೆ. ಭಾಗಕ್ಕೊಬ್ಬರು ಸಾಯುತ್ತಿದ್ದರು, ಭಾಗಕ್ಕೊಬ್ಬರು ಹೊಸಬರು ಸೇರುತ್ತಿದ್ದರು. ಹೊಸ ಭಾಗ ಬಂತೆಂದು ಉಗ್ರಪ್ಪ ಹೇಳಿಕಳಿಸಿದರೆ ಗಂಗಲಕ್ಷ್ಮಮ್ಮ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡುತ್ತಿದ್ದಳು.

"ಹೆಂಗಸಾಗಿ ಆ ಖೂನಿ ಪುಸ್ತಕ ಅದೇನು ಓದ್ತೀಯೋ, ಅಸಹ್ಯ ಆಗಲ್ವಾ?" ಎಂದು ಎದುರುಮನೆಯ ವಿಮಲಮ್ಮ ಮೂಗು ಮುರಿಯುತ್ತಿದ್ದರು. ಗಂಗಲಕ್ಷ್ಮಮ್ಮ ನಗುತ್ತಿದ್ದಳು. ಪುಸ್ತಕದ ರಕ್ತದಲ್ಲಿ ಅವಳಿಗೆ ಅಸಹ್ಯವೇನೂ ಕಂಡಿರಲಿಲ್ಲ. ಅದು ಲೆಕ್ಕ ಬಿಡಿಸುವ ಹಾಗೆ. ಯಾರು, ಯಾಕೆ, ಹೇಗೆ ಎಂದು ತಲೆ ಕೆಡಿಸಿಕೊಂಡು, ಕೊನೆಗೆ ಉತ್ತರ ಸಿಕ್ಕಾಗ ಆಗುವ ಸುಖ ಸುಖವೇ.

ಆ ಸುಖಕ್ಕೆ ಒಬ್ಬ ಜೊತೆಗಾರರೂ ಸಿಕ್ಕಿದ್ದರು. ಪಕ್ಕದ ಮನೆಯ ಗುರುಸಿದ್ದಯ್ಯನವರು. ಹರಿಹರದ ಕಡೆಯವರು, ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತರಾದವರು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಮೆಲುದನಿ. ಉಗ್ರಪ್ಪನ ಅಂಗಡಿಯಲ್ಲಿ ಹೊಳ್ಳ ಮಾಲೆಯ ಒಂದೇ ಪ್ರತಿಗೆ ಇಬ್ಬರೂ ಕೈ ಹಾಕಿದ್ದೇ ಪರಿಚಯ. "ಮೊದಲ ನೀವು ಓದ್ರಿ, ಆದ್ರ ಕೊನೀ ಹೇಳಬ್ಯಾಡ್ರಿ" ಎಂದು ಅವರು ಪುಸ್ತಕ ಬಿಟ್ಟುಕೊಟ್ಟಿದ್ದರು. ಆಮೇಲೆ ಕಾಂಪೌಂಡ್ ಗೋಡೆಯ ಆಚೆ ಈಚೆ ನಿಂತು ದಿನವೂ ಮಾತು.

"ಆ ವಕೀಲನ ತಮ್ಮ ಸುಮ್ಮಸುಮ್ಮನೆ ಅಳ್ತಾನೆ ಸಾರ್. ಅವನೇ ಇರ್ಬೇಕು."

"ಏ, ಇಲ್ರೀ. ಅಳೋರು ಎಂದೂ ಕೊಲೆ ಮಾಡಂಗಿಲ್ರೀ. ಸುಮ್ಮನ ಕುಂತಿರ್ತಾನಲ್ಲ, ಅವನ್ನ ನೋಡ್ರಿ."

ಹತ್ತರಲ್ಲಿ ಒಂಬತ್ತು ಸಲ ಅವರು ಹೇಳಿದ್ದೇ ಸರಿಯಾಗುತ್ತಿತ್ತು. ಅವರಲ್ಲಿ ಅವಳಿಗೆ ಹಿಡಿಸದ ಗುಣವೆಂದರೆ ಒಂದೇ: ಓದು ನಿಲ್ಲಿಸಿದಲ್ಲಿ ಪುಟದ ಮೂಲೆ ಮಡಚುವುದು. ಉಳಿದಂತೆ, ಬೀದಿಯಲ್ಲಿ ಇಷ್ಟು ಸಭ್ಯರು ಇನ್ನೊಬ್ಬರಿಲ್ಲ ಎಂದು ಗಂಡನ ಮುಂದೆ ಹೊಗಳುತ್ತಿದ್ದಳು.

ಅವರ ಹೆಂಡತಿ ಶಾಂತವ್ವನದು ಮಾತು ಕಡಿಮೆ. ಮಗ ಔಷಧಿ ಕಂಪನಿಯೊಂದರಲ್ಲಿ ಊರೂರು ತಿರುಗುವ ಕೆಲಸದವನು. ತಿಂಗಳಲ್ಲಿ ಅರ್ಧ ಮನೆಯಲ್ಲಿರುತ್ತಿರಲಿಲ್ಲ. ಆ ಮನೆಗೆ ಒಂದೂವರೆ ವರ್ಷದ ಹಿಂದೆ ಸೊಸೆಯಾಗಿ ಬಂದವಳು ನೀಲಾಂಬಿಕೆ. ಉದ್ದನೆಯ ಕತ್ತಿನ, ಹಗುರ ನಡಿಗೆಯ ಹುಡುಗಿ. ಬಟ್ಟೆ ಹರವಲು ಹಿತ್ತಲಿಗೆ ಬಂದಾಗೆಲ್ಲ ಗೋಡೆಯ ಮೇಲಿಂದ ಇಣುಕಿ ಪಿಸುಗುಡುತ್ತಿದ್ದಳು. "ಆಂಟಿ, ಬೂದಿಗಾಲದಾಗ ಆ ಹುಡುಗಿಗೆ ನೀರು ಸಿಕ್ತೇನ್ರೀ? ಮಾವನೋರು ಮುಟ್ಟಾಕ ಬಿಡಂಗಿಲ್ಲ. ಅವ್ರು ಮಲಗಿದಾಗ ಅರ್ಧ ಓದೀನ್ರೀ."

ಗಂಗಲಕ್ಷ್ಮಮ್ಮ ಕಥೆ ಹೇಳುತ್ತಿದ್ದಳು. ಹುಡುಗಿ ಒದ್ದೆ ಬಟ್ಟೆ ಹಿಡಿದೇ ಕೇಳುತ್ತಿದ್ದಳು. ಒಂದೆರಡು ಸಲ ಅವಳ ಮೊಣಕೈಯಲ್ಲಿ ಕಂದಿದ ಗುರುತು ಕಂಡಿತ್ತು. ಕೇಳಿದರೆ "ಬಾಗಿಲ ಬಡೀತ್ರೀ" ಎಂದಿದ್ದಳು. ಮೇಲ್ಮಹಡಿ ಕಟ್ಟಿಸಿಕೊಡುತ್ತೇವೆಂದು ಹುಡುಗಿಯ ಕಡೆಯವರು ಮದುವೆಯಲ್ಲಿ ಒಪ್ಪಿ ಈಗ ಕೈಯೆತ್ತಿದ್ದಾರೆ ಎಂಬ ಮಾತು ಬೀದಿಯಲ್ಲಿ ಓಡಾಡುತ್ತಿತ್ತು. ಪುಸ್ತಕದಲ್ಲಾಗಿದ್ದರೆ ಇಷ್ಟಕ್ಕೇ ಗಂಗಲಕ್ಷ್ಮಮ್ಮನ ಕಿವಿ ನೆಟ್ಟಗಾಗುತ್ತಿದ್ದವು. ಆದರೆ ಇದು ಪಕ್ಕದ ಮನೆ, ಗುರುಸಿದ್ದಯ್ಯನವರ ಮನೆ. ಅಲ್ಲಿ ಅನುಮಾನ ಪಡುವುದು ಅವಳಿಗೆ ಹೊಳೆಯಲೇ ಇಲ್ಲ.

ಆ ಬೇಸಿಗೆಯಲ್ಲಿ ಗಂಗಲಕ್ಷ್ಮಮ್ಮನ ಮನೆಯ ಗ್ಯಾಸ್ ಮುಗಿದು, ಸಿಲಿಂಡರು ಬರುವುದು ತಡವಾಯಿತು. ನೀಲಾಂಬಿಕೆಗೆ ಇದು ತಿಳಿದು, ತಮ್ಮ ಮನೆಯ ಅಟ್ಟದಲ್ಲಿ ಬಿದ್ದಿದ್ದ ಹಿತ್ತಾಳೆಯ ಪಂಪ್ ಸ್ಟವ್ವನ್ನು ಟವೆಲಿನಲ್ಲಿ ಸುತ್ತಿ ಗೋಡೆಯ ಮೇಲಿಂದ ದಾಟಿಸಿದಳು. "ನಮ್ಮಲ್ಲಿ ಎರಡು ಸಿಲಿಂಡರ್ ಅದಾವ್ರಿ, ಇರೋದೊಂದ ಸ್ಟವ್, ಇದನ್ನೂ ಯಾರೂ ಮುಟ್ಟಂಗಿಲ್ಲ. ಅತ್ತಿಯವ್ರಿಗೆ ಮಾತ್ರ ಹೇಳಬ್ಯಾಡ್ರಿ, ಆಂಟಿ." ಗಂಗಲಕ್ಷ್ಮಮ್ಮ ಹುಣಸೆಹಣ್ಣು ಹಾಕಿ ಉಜ್ಜಿ, ಹೊಸ ಪಿನ್ನು ತಂದು, ಅದರ ಮೇಲೆಯೇ ಅಡುಗೆ ಮಾಡತೊಡಗಿದಳು.

ಅದಾದ ಮರುವಾರ, ಒಂದು ಶುಕ್ರವಾರ ಮಧ್ಯಾಹ್ನ, ಅವಳು ಹಿತ್ತಲ ಮೆಟ್ಟಿಲ ಮೇಲೆ ಹೊಳ್ಳ ಮಾಲೆಯ ಹೊಸ ಭಾಗ ಹಿಡಿದು ಕೂತಿದ್ದಳು. ಈ ಸಲ ಉಗ್ರಪ್ಪ ಎರಡು ಪ್ರತಿ ತರಿಸಿದ್ದರಿಂದ ಗುರುಸಿದ್ದಯ್ಯನವರ ಹತ್ತಿರವೂ ಅದೇ ಪುಸ್ತಕವಿತ್ತು. ಸಂಜೆ ಗೋಡೆಯ ಹತ್ತಿರ ಏನೇನು ವಾದ ಹೂಡಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಾಗ ಪಕ್ಕದ ಮನೆಯೊಳಗಿಂದ ಕೂಗು ಕೇಳಿಸಿತು. ಮೊದಲು ಅದು ಮನುಷ್ಯರ ಕೂಗೆಂದೇ ಅವಳಿಗೆ ಅನ್ನಿಸಲಿಲ್ಲ. ಆಮೇಲೆ ಸೀಮೆಎಣ್ಣೆಯ ವಾಸನೆ, ಅದರ ಹಿಂದೆಯೇ ಇನ್ನೊಂದು ವಾಸನೆ.

ಪುಸ್ತಕ ಬಿಸಾಡಿ ಓಡಿದಳು. ಮುಂಬಾಗಿಲು ಹಾಕಿತ್ತು. ಎರಡೂ ಕೈಯಲ್ಲಿ ಬಡಿದಳು. ಬಾಗಿಲು ತೆಗೆದವರು ಗುರುಸಿದ್ದಯ್ಯನವರೇ. ಕನ್ನಡಕ ಮೂಗಿನ ಮೇಲೇ ಇತ್ತು.

"ಸ್ಟವ್ ಸಿಡೀತ್ರೀ. ಸ್ಟವ್" ಎಂದರು. ಪೇಪರಿನಲ್ಲಿ ಬಂದದ್ದನ್ನು ಹೇಳುವ ದನಿ.

ಗಂಗಲಕ್ಷ್ಮಮ್ಮ ಅವರನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು. ಅಡುಗೆಮನೆಯ ಗೋಡೆಗೆ ಒರಗಿ ಶಾಂತವ್ವ ನಿಂತಿದ್ದರು. ಬೆಂಕಿ ಆರಿಸಲು ಹೋದವರ ಯಾವ ಗುರುತೂ ಮೈಮೇಲಿರಲಿಲ್ಲ. ನೀಲಾಂಬಿಕೆ ಅಡುಗೆಮನೆಗೆ ಸೇರಿದ ಬಚ್ಚಲಿನಲ್ಲಿದ್ದಳು. ಉರಿಯುತ್ತಲೇ ಓಡಿಹೋಗಿ ನೀರಿನ ತೊಟ್ಟಿಯೊಳಕ್ಕೆ ತಾನೇ ಬಿದ್ದಿದ್ದಳು. ಅದೇ ಅವಳನ್ನು ಉಳಿಸಿದ್ದು. ಬಲಗೈ, ಕತ್ತು, ಎದೆಯ ಒಂದು ಭಾಗ ನೋಡುವ ಹಾಗಿರಲಿಲ್ಲ. ಗಂಗಲಕ್ಷ್ಮಮ್ಮ ಅವಳನ್ನು ಒದ್ದೆ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋ ಕೂಗಿ, ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಮಾವ ಇನ್ನೊಂದು ಆಟೋದಲ್ಲಿ ಬಂದರು. ಆಸ್ಪತ್ರೆಯಲ್ಲಿ ಕಾನ್‌ಸ್ಟೇಬಲ್ ಒಬ್ಬ, ಹೇಗಾಯಿತೆಂದು ಹುಡುಗಿಯನ್ನು ಕೇಳಿದ. ಪಕ್ಕದಲ್ಲೇ ನಿಂತಿದ್ದ ಮಾವನನ್ನು ನೋಡುತ್ತ ಅವಳು "ಸ್ಟವ್ ಸಿಡೀತು" ಎಂದಳು. ಅವನು ಬರೆದುಕೊಂಡ. ಮನೆಗೆ ಬಂದು ಅಡುಗೆಮನೆ ನೋಡುವ ತೊಂದರೆ ತೆಗೆದುಕೊಳ್ಳಲಿಲ್ಲ.

ಸಂಜೆ ಗಂಗಲಕ್ಷ್ಮಮ್ಮ ಹಿಂದಿರುಗಿದಾಗ ಅರ್ಧ ಬೀದಿ ಗೇಟಿನ ಮುಂದೆ ಸೇರಿತ್ತು. ಯಾರೋ ಕಡಲೆಕಾಯಿ ಸುಲಿಯುತ್ತಿದ್ದರು.

"ಈಗಿನ ಹುಡುಗೀರಿಗೆ ಒಂದು ಸ್ಟವ್ ಹಚ್ಚೋಕೂ ಬರಲ್ಲ ನೋಡಿ" ಎಂದರು ವಿಮಲಮ್ಮ. "ನೈಲಾನ್ ಸೀರೆ ಬೇರೆ. ಪಾಪ, ಗುರುಸಿದ್ದಯ್ಯನೋರ ಮುಖ ನೋಡಕಾಗಲ್ಲ."

ಗಂಗಲಕ್ಷ್ಮಮ್ಮ ಸೀದಾ ಮನೆಯೊಳಗೆ ಹೋದಳು. ಒಂದು ಲೋಟ ಕಾಫಿಯಾದರೂ ಮಾಡಿಕೊಳ್ಳೋಣವೆಂದು ಅಡುಗೆಕಟ್ಟೆಯ ಮುಂದೆ ನಿಂತಳು. ಸ್ಟವ್ವಿಗೆ ಪಂಪು ಹೊಡೆಯಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಹಿತ್ತಾಳೆಯ ಹೊಟ್ಟೆಯ ಮೇಲೆ ಪಾತ್ರೆ ಅಂಗಡಿಯವನು ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದ ಹೆಸರು: ಶಾಂತವ್ವ ಗುರುಸಿದ್ದಯ್ಯ.

ಆ ಮನೆಯಲ್ಲಿದ್ದ ಸ್ಟವ್ ಇದೊಂದೇ. ಇದು ಒಂದು ವಾರದಿಂದ ಇಲ್ಲಿದೆ. ಹಾಗಿದ್ದರೆ ಅಲ್ಲಿ ಸಿಡಿದದ್ದು ಏನು?

ಹೊಳ್ಳನ ಪುಸ್ತಕದಲ್ಲಿ ಇಂಥ ಗಳಿಗೆ ಬಂದಾಗ ಅವಳ ಮೈ ಜುಮ್ಮೆನ್ನುತ್ತಿತ್ತು. ಈಗ ಬಚ್ಚಲಿಗೆ ಓಡಿ ಬೆಳಿಗ್ಗೆ ತಿಂದದ್ದನ್ನೆಲ್ಲ ಕಾರಿಕೊಂಡಳು.

ಮಾರನೆಯ ಬೆಳಿಗ್ಗೆ ಗುರುಸಿದ್ದಯ್ಯ ಬಂದ. ಆ ಹೊತ್ತಿನಿಂದ ಗಂಗಲಕ್ಷ್ಮಮ್ಮನ ಮನಸ್ಸಿನಲ್ಲಿ ಅವರು ಅವನಾದ. ಸ್ನಾನ, ಪೂಜೆ ಮುಗಿಸಿ ಬಂದಿದ್ದ. ವಿಭೂತಿ ಇನ್ನೂ ಹಸಿಯಾಗಿತ್ತು. ಕಂಕುಳಲ್ಲಿ ಹೊಳ್ಳ ಮಾಲೆಯ ಪುಸ್ತಕ.

"ನೀಲಾ ಹೆಂಗಿದಾಳೆ ಸಾರ್?" ಎಂದು ಬಾಗಿಲಲ್ಲೇ ನಿಂತು ಕೇಳಿದಳು.

"ಏನೋ, ಶಿವನಿಚ್ಛೆ." ಜಗಲಿಯ ಮೇಲೆ ಕೂತ. "ನೀವು ಎಲ್ಲೀತನ ಓದೀರಿ? ಆ ಕಾಂಪೌಂಡರ್ ಮ್ಯಾಲೆ ನನಗ ಅನುಮಾನ ಐತ್ರೀ. ಔಷಧಿ ಸೀಸೆ ಬದಲಿಸಿದಾಂವ ಅವನೇ."

ಗಂಗಲಕ್ಷ್ಮಮ್ಮನಿಗೆ ಕಿವಿಯನ್ನು ನಂಬಲಾಗಲಿಲ್ಲ. ಅವನ ಮನೆಯ ಹುಡುಗಿ ಸುಟ್ಟ ಮೈಯಲ್ಲಿ ಆಸ್ಪತ್ರೆಯಲ್ಲಿ ಬಿದ್ದಿದ್ದಾಳೆ. ಇವನು ರಾತ್ರಿ ಕೂತು ಕಾಂಪೌಂಡರನ ಮೇಲೆ ಅನುಮಾನ ಪಟ್ಟಿದ್ದಾನೆ.

ಅವನು ದನಿ ಇನ್ನಷ್ಟು ತಗ್ಗಿಸಿದ. "ಮತ್ತೊಂದು ಮಾತ್ರೀ. ನಮ್ಮ ಹುಡುಗಿ ನಿಮಗೇನಾದ್ರೂ ಹಳೇ ಸ್ಟವ್ ಕೊಟ್ಟಿದ್ಲೇನು? ನಮ್ಮಾಕಿ ಹುಡುಕಾಕ ಹತ್ಯಾಳ."

"ಯಾವ ಸ್ಟವ್ ಸಾರ್? ಸಿಡಿದಿದ್ದಾ?"

ಕನ್ನಡಕದ ಹಿಂದೆ ಅವನ ಕಣ್ಣು ಅವಳ ಮೇಲೇ ನಿಂತವು. ಗೋಡೆಯ ಆಚೆ ನಿಂತು ಒಂದು ಪಾತ್ರವನ್ನು ಅಳೆಯುವಾಗ ಅವನು ಹೀಗೇ ನೋಡುತ್ತಿದ್ದ.

"ಎರಡಿದ್ವು" ಎಂದ ನಿಧಾನಕ್ಕೆ.

"ನಮ್ಮನೇಲಿ ಇಲ್ಲ ಸಾರ್. ಸುಂಕದಕಟ್ಟೆ ಕಡೆಯಿಂದ ನನ್ನ ತಂಗೀದು ತರಿಸ್ಕೊಂಡಿದೀನಿ."

ಅವನು ಅವಳ ಭುಜದ ಮೇಲಿಂದ ಅಡುಗೆಮನೆಯತ್ತ ನೋಡಿದ. ಅವಳು ಬಾಗಿಲಿಗೆ ಅಡ್ಡ ನಿಂತೇ ಇದ್ದಳು. ಎದ್ದು, ಜುಬ್ಬಾದ ಸುಕ್ಕು ಸರಿಪಡಿಸಿಕೊಂಡು, "ಓದಿ ಮುಗಿಸ್ರಿ, ಆಮ್ಯಾಲೆ ಮಾತಾಡೋಣು" ಎಂದು ಹೊರಟ. ಅವನು ಕೂತಿದ್ದ ಜಾಗಕ್ಕೆ ಅವಳು ಒಂದು ಕೊಡ ನೀರು ಸುರಿದಳು.

"ನಮಗ್ಯಾಕೆ ಬೇಕೇ ಇದು?" ಎಂದ ಅಂಜಿನಯ್ಯ, ಎಲ್ಲ ಕೇಳಿದ ಮೇಲೆ. "ಪಕ್ಕದ್ಮನೆ. ದಿನಾ ಮುಖ ನೋಡ್ಬೇಕು."

"ಅದಕ್ಕೇ. ದಿನಾ ಆ ಮುಖ ನೋಡ್ಬೇಕಲ್ಲ."

ಅಂಜಿನಯ್ಯ ಎದ್ದು ಸ್ಟವ್ವನ್ನು ರೇಷನ್ ಚೀಲದೊಳಗೆ ಇಟ್ಟು, ಮೇಲೊಂದು ಹಳೇ ಪಂಚೆ ಮುಚ್ಚಿದ. ಇಬ್ಬರೂ ಠಾಣೆಗೆ ಹೋದರು.

ಸಬ್‌ಇನ್‌ಸ್ಪೆಕ್ಟರು ಸ್ಟವ್ವನ್ನು ಮೇಜಿನ ಮೇಲೆ ಇಡಿಸಿಕೊಂಡು, ಕೊರೆದ ಹೆಸರನ್ನು ಓದಿ, ಗಂಗಲಕ್ಷ್ಮಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ನೋಡಮ್ಮ, ಹುಡುಗೀನೇ ಸ್ಟವ್ ಅಂತ ಬರೆಸಿದಾಳೆ. ಮನೇಲಿ ಎರಡು ಸ್ಟವ್ ಇರಬಾರದು ಅಂತ ಕಾನೂನಿದ್ಯಾ?"

"ಹಂಗಾದ್ರೆ ಸಿಡಿದಿದ್ದು ಎಲ್ಲಿ ಸಾರ್? ಅದರ ಚೂರಾದ್ರೂ ಇರ್ಬೇಕಲ್ಲ. ಹೋಗಿ ನೋಡಿ."

ಅವನು ನಕ್ಕ. "ಏನಮ್ಮ, ಪತ್ತೇದಾರಿ ಕಾದಂಬರಿ ಜಾಸ್ತಿ ಓದ್ತೀರಾ?"

ಬಾಗಿಲ ಹತ್ತಿರ ನಿಂತಿದ್ದ ಪೇದೆಗಳೂ ನಕ್ಕರು. ಗಂಗಲಕ್ಷ್ಮಮ್ಮನ ಮುಖಕ್ಕೆ ರಕ್ತ ಏರಿತು. ಓದುತ್ತಿದ್ದುದು ನಿಜ. ಆದರೆ ಇವರ ನಗೆ, ಮೇಜಿನ ಮೇಲೆ ಟೀ ಬಿದ್ದು ಅಂಟಂಟಾದ ಕಲೆ, ಅದರ ಮೇಲೆ ಕೂತ ನೊಣ, ಮೂಲೆಯಲ್ಲಿ ಎಲೆಅಡಿಕೆ ಉಗಿದ ಕೆಂಪು, ಇದೆಲ್ಲ ಯಾವ ಪುಸ್ತಕದಲ್ಲೂ ಇರಲಿಲ್ಲ. ಹೊಳ್ಳ ಮಜ್ಜಿಗೆ ಕುಡಿಯುತ್ತ ಸತ್ಯ ಹೊರಗೆಳೆದರೆ ಠಾಣೆಯವರು ಎದ್ದು ನಿಲ್ಲುತ್ತಿದ್ದರು. ಇಲ್ಲಿ ಸತ್ಯ ರೇಷನ್ ಚೀಲದಲ್ಲಿ ಬಂದು ಮೇಜಿನ ಮೇಲೆ ಕೂತಿದ್ದರೂ ಅದನ್ನು ಮುಟ್ಟುವವರಿಲ್ಲ. "ತಗೊಂಡ್ ಹೋಗಿ, ಬೇಕಾದ್ರೆ ಹೇಳಿಕಳಿಸ್ತೀವಿ" ಎಂದರು.

ಅವಳು ಚೀಲ ಎತ್ತಿಕೊಂಡು ಸೀದಾ ಆಸ್ಪತ್ರೆಗೆ ಹೋದಳು.

ವಾರ್ಡಿನ ಹೊರಗೆ ನೀಲಾಂಬಿಕೆಯ ಅಪ್ಪ ಸೋಮಲಿಂಗಪ್ಪ ಬೆಂಚಿನ ಮೇಲೆ ಕೂತಿದ್ದ. ಊರಿಂದ ಬೆಳಿಗ್ಗೆಯೇ ಬಂದಿದ್ದ. ಗಂಗಲಕ್ಷ್ಮಮ್ಮ ತಾನು ಯಾರೆಂದು ಹೇಳಿ, ಸ್ಟವ್ ತೋರಿಸಿದಳು. ಅವನು ಅದನ್ನು ನೋಡಿದ, ಹೆಸರನ್ನೂ ಓದಿದ. ಆಮೇಲೆ ಆಚೆ ಈಚೆ ನೋಡಿ, "ಮುಚ್ಚಿಡ್ರೀ ತಂಗಿ" ಎಂದ. "ಬೀಗರು ಬಂದು ಮಾತಾಡ್ಯಾರ. ಆಸ್ಪತ್ರಿ ಖರ್ಚೆಲ್ಲ ಅವರದೇ ಅಂತ. ನನಗ ಇನ್ನೊಬ್ಬಾಕಿ ಮಗಳು ಮದುವಿಗೆ ಅದಾಳ. ಕೋರ್ಟು ಕಚೇರಿ ಅಂದ್ರ ಯಾರು ಮಾಡ್ಕೋತಾರ್ರೀ?"

"ಅವಳನ್ನೂ ಇಂಥಾ ಮನೇಗೇ ಕೊಡ್ತೀರಾ?"

ಸೋಮಲಿಂಗಪ್ಪ ಅಳತೊಡಗಿದ. ಗಂಗಲಕ್ಷ್ಮಮ್ಮನಿಗೆ ಅವನ ಅಳುವನ್ನು ಕಂಡು ಕನಿಕರ ಬರಬೇಕಿತ್ತು. ಬರಲಿಲ್ಲ. ಒಳಗೆ ಮಗಳ ಚರ್ಮ ಬಟ್ಟೆಗೆ ಅಂಟಿಕೊಂಡಿದೆ, ಹೊರಗೆ ಅಪ್ಪ ಸಂಬಂಧ ಉಳಿಸಿಕೊಳ್ಳುವ ಲೆಕ್ಕದಲ್ಲಿದ್ದಾನೆ. ಅವನನ್ನು ದಾಟಿ ಒಳಗೆ ಹೋದಳು.

ವಾರ್ಡಿನ ವಾಸನೆಗೆ ಸೆರಗು ಮೂಗಿಗೆ ಹೋಯಿತು. ನಾಚಿಕೆಯಾಗಿ ಅವಳು ತಕ್ಷಣ ಕೈ ಇಳಿಸಿದಳು. ನೀಲಾಂಬಿಕೆ ಮುಖ ಮಾತ್ರ ಬಿಟ್ಟು ಬಿಳಿ ಬಟ್ಟೆಯಲ್ಲಿದ್ದಳು.

"ಸ್ಟವ್ ನನ್ಹತ್ರ ಇದೆ ಕಣಮ್ಮ" ಎಂದು ಗಂಗಲಕ್ಷ್ಮಮ್ಮ ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದಳು. "ನೀನೇ ಕೊಟ್ಟಿದ್ದೆ. ಇದೇ ಚೀಲದಲ್ಲಿದೆ, ನೋಡು."

ಹುಡುಗಿ ಕಣ್ಣು ಚೀಲದತ್ತ ಹೊರಳಿಸಿದಳು.

"ನಾನು ಅದನ್ನ ಮರ್ತೇಬಿಟ್ಟಿದ್ದೆ, ಆಂಟಿ" ಎಂದಳು. "ಅವ್ರು ಹೇಳಿಕೊಟ್ಟದ್ದನ್ನೇ ಹೇಳಿದೆ. ಇಲ್ಲಾಂದ್ರ ಅಪ್ಪಗ ತ್ರಾಸ ಅಂದ್ರು."

"ಯಾರು ಸುರಿದಿದ್ದು?"

"ಅತ್ತಿ." ಉಸಿರು ತೆಗೆದುಕೊಂಡಳು. "ಕ್ಯಾನ್ ತಗೊಂಡು ಬಂದಾಗ ನಾನು ಮಾವನ್ನ ಕರದೆ. ಪಡಸಾಲ್ಯಾಗ ಓದ್ಕೋತ ಕುಂತಿದ್ರು. ನನ್ನ ನೋಡಿದ್ರು, ಆಂಟಿ. ಹಾಳಿ ಮೂಲಿ ಮಡಚಿದ್ರು, ಪುಸ್ತಕ ಕುರ್ಚಿ ಮ್ಯಾಲ ಇಟ್ರು, ಎದ್ದು ಬಂದು ಅಡಿಗಿಮನಿ ಬಾಗಲಾ ಹೊರಗಿಂದ ಹಾಕಿದ್ರು."

ಗಂಗಲಕ್ಷ್ಮಮ್ಮ ಹಾಸಿಗೆಯ ಕಬ್ಬಿಣದ ಅಂಚನ್ನು ಹಿಡಿದುಕೊಂಡಳು. ಆ ಪುಸ್ತಕ ಯಾವುದೆಂದು ಅವಳಿಗೆ ಗೊತ್ತಿತ್ತು. ಅದೇ ಮಧ್ಯಾಹ್ನ, ಗೋಡೆಯ ಈಚೆ, ಅವಳೂ ಅದೇ ಪುಸ್ತಕದ ಅಲ್ಲೇ ಎಲ್ಲೋ ಇದ್ದಳು. ಒಂದೇ ಸಾಲನ್ನು ಇಬ್ಬರೂ ಓದಿ, ಒಂದೇ ರುಚಿ ಚಪ್ಪರಿಸಿದ್ದರು. ಅವನ ಬಾಯಿಯ ಎಂಜಲು ತನ್ನ ಬಾಯೊಳಗೆ ಬಂದ ಹಾಗಾಯಿತು.

"ಇದನ್ನ ಇನ್ನೊಂದು ಸಲ ಹೇಳ್ತೀಯಾ? ಡಾಕ್ಟ್ರ ಮುಂದೆ?"

"ಹೇಳ್ತೀನ್ರೀ" ಎಂದಳು ನೀಲಾಂಬಿಕೆ. "ಬಾಗಲದ ಚಿಲಕ ಹಾಕಿದ್ದು ಇನ್ನೂ ಕೇಳಸ್ತೈತಿ."

ವಾರ್ಡಿನ ಸಿಸ್ಟರ್ ಇದೆಲ್ಲ ಕೇಳಿಸಿಕೊಂಡಿದ್ದಳು. ಯಾರ ಅಪ್ಪಣೆಗೂ ಕಾಯದೆ ಡಾಕ್ಟರನ್ನು ಕರೆತಂದಳು. ಡಾಕ್ಟರು ಫೋನು ಮಾಡಿದರು. ಮಾರನೆಯ ದಿನ ಮ್ಯಾಜಿಸ್ಟ್ರೇಟರು ಬಂದು ಹುಡುಗಿಯ ಹೇಳಿಕೆ ಬರೆಸಿಕೊಂಡ ಮೇಲೆ ಠಾಣೆಯವರಿಗೆ ಆ ಸ್ಟವ್ ಇದ್ದಕ್ಕಿದ್ದ ಹಾಗೆ ಬೇಕಾಯಿತು. ಜೀಪಿನಲ್ಲಿ ಬಂದು ಕೊಂಡೊಯ್ದರು. ಶಾಂತವ್ವನನ್ನೂ ಗುರುಸಿದ್ದಯ್ಯನನ್ನೂ ಅದೇ ಜೀಪಿನಲ್ಲಿ ಕೂರಿಸಿದರು. ಮಗ ಬೆಳಗಾವಿಯಿಂದ ಬಂದವನು ಆಸ್ಪತ್ರೆಗೆ ಹೋಗದೆ ಮೊದಲು ವಕೀಲರ ಮನೆಗೆ ಹೋದ.

ಕೇಸು ಎಳೆಯಿತು. ಬೀದಿಯವರು ಗಂಗಲಕ್ಷ್ಮಮ್ಮನ ಜೊತೆ ಮಾತು ಬಿಟ್ಟರು. ಅರಿಶಿನ ಕುಂಕುಮಕ್ಕೆ ಕರೆಯುವುದು ನಿಂತಿತು. "ಮನೆ ಒಡೆಯೋ ಹೆಂಗಸು" ಎಂದು ವಿಮಲಮ್ಮ ಅವಳಿಗೆ ಕೇಳುವಂತೆಯೇ ಹೇಳಿದರು. ಕಡಲೆಕಾಯಿ ಸುಲಿಯುತ್ತ ನಿಂತಿದ್ದ ಒಬ್ಬರೂ ಸಾಕ್ಷಿಗೆ ಬರಲಿಲ್ಲ. ವಾಸನೆ ಯಾರಿಗೂ ಬಂದಿರಲಿಲ್ಲ, ಕೂಗು ಯಾರಿಗೂ ಕೇಳಿಸಿರಲಿಲ್ಲ.

ಕೋರ್ಟಿನಲ್ಲಿ ಆ ಕಡೆಯ ವಕೀಲ ಉಗ್ರಪ್ಪನ ಲೈಬ್ರರಿಯ ವಿಷಯವನ್ನೂ ಎತ್ತಿದ. "ತಾವು ತಿಂಗಳಿಗೆ ಎಷ್ಟು ಕೊಲೆ ಓದ್ತೀರಿ?" ಎಂದು ಕೇಳಿ, ನಗೆಗಾಗಿ ಕಾದು, ನಗೆ ಬಂದ ಮೇಲೆ ಮುಂದುವರಿದ. "ಹಾಗಾದರೆ ನಿಮಗೆ ಎಲ್ಲೆಲ್ಲೂ ಕೊಲೆಯೇ ಕಾಣುತ್ತದೆ, ಅಲ್ಲವೇ?"

"ಇಲ್ಲ ಸಾರ್" ಎಂದಳು ಗಂಗಲಕ್ಷ್ಮಮ್ಮ. "ಪಕ್ಕದ ಮನೇಲಿ ಇದ್ದಿದ್ದು ಕಾಣಲಿಲ್ಲ. ಹುಡುಗಿ ಸುಟ್ಟ ಮೇಲೇ ಕಂಡಿದ್ದು."

ಆಗ ಯಾರೂ ನಗಲಿಲ್ಲ. ಕಟಕಟೆಯ ಆಚೆ ಗುರುಸಿದ್ದಯ್ಯ ಮಾತ್ರ ತಲೆ ಸ್ವಲ್ಪ ವಾರೆ ಮಾಡಿಕೊಂಡು, ಕಥೆ ಎತ್ತ ತಿರುಗುತ್ತದೋ ನೋಡುವವನ ಹಾಗೆ ಕೇಳುತ್ತ ಕೂತಿದ್ದ.

ಕೊನೆಗೆ ಶಾಂತವ್ವನಿಗೆ ಜೈಲಾಯಿತು. ಸ್ಟವ್ವೇ ಅವಳನ್ನು ಹಿಡಿದುಕೊಟ್ಟಿತು. ಗುರುಸಿದ್ದಯ್ಯ ಬಾಗಿಲು ಹಾಕಿದ್ದಕ್ಕೆ ಹುಡುಗಿಯ ಮಾತು ಬಿಟ್ಟು ಬೇರೆ ಪುರಾವೆಯಿಲ್ಲವೆಂದು ಅವನನ್ನು ಬಿಟ್ಟುಬಿಟ್ಟರು. ಇಸ್ತ್ರಿ ಜುಬ್ಬಾ ತೊಟ್ಟು ಮನೆಗೆ ಬಂದ. ಬೀದಿಯವರು ಒಬ್ಬೊಬ್ಬರಾಗಿ ಹೋಗಿ ಮಾತಾಡಿಸಿದರು. ವಿಮಲಮ್ಮ ಸಾರು ಮಾಡಿ ಕಳಿಸಿದರು, ಮಗ ಊರಲ್ಲಿರುವುದಿಲ್ಲ, ಒಂಟಿ ಗಂಡಸು ಪಾಪ ಎಂದು.

ಹೊಳ್ಳ ಮಾಲೆಯನ್ನು ಗಂಗಲಕ್ಷ್ಮಮ್ಮ ಆ ದಿನಗಳಲ್ಲಿ ಮುಟ್ಟಲಿಲ್ಲ. ಒಂದೆರಡು ಸಲ ತೆರೆದಳು. ಮೂಲೆ ಮಡಚಿದ ಗೆರೆ ಕಂಡಲ್ಲೆಲ್ಲ ಪುಸ್ತಕ ಮುಚ್ಚಿದಳು. 'ಬೂದಿಗಾಲ' ಮಾತ್ರ ಬಿಡಲಾಗಲಿಲ್ಲ. ಅಲ್ಲಿ ಮನೆ, ಬೀದಿ, ಠಾಣೆ, ಕೋರ್ಟು ಎಲ್ಲ ಮೊದಲೇ ಉರಿದುಹೋಗಿದ್ದವು. ಮಾನಮರ್ಯಾದೆಗೆ ಹೆದರುವವರೂ ಉಳಿದಿರಲಿಲ್ಲ. ಕೆಟ್ಟವರಿದ್ದರು, ಆದರೆ ಕೆಟ್ಟವರ ಹಾಗೇ ಕಾಣುತ್ತಿದ್ದರು. ಅಂಜಿನಯ್ಯ ಒಮ್ಮೆ ಕೇಳಿದ, "ಎಲ್ಲಾ ಸತ್ತೋಗಿರೋ ಕಥೆ ಓದಿ ಅದೇನ್ ಸಮಾಧಾನ ನಿನಗೆ?" ಅವಳು ಯೋಚಿಸಿ, "ಅಲ್ಲಿ ನೀರು ಸಿಕ್ಕಿದವರು ಇನ್ನೊಬ್ಬರನ್ನ ಕೂಗ್ತಾರೆ ಕಣ್ರಿ" ಎಂದಳು.

ನೀಲಾಂಬಿಕೆ ದಾವಣಗೆರೆಯ ಸೋದರತ್ತೆಯ ಮನೆ ಸೇರಿದಳು. ಬಲಗೈಯ ಬೆರಳು ಎರಡು ಕೂಡಿಕೊಂಡುಬಿಟ್ಟಿದ್ದವು. ಎಡಗೈಯಲ್ಲಿ ಬರೆಯುವುದು ಕಲಿತು ಸೊಸೈಟಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ವರ್ಷಕ್ಕೊಮ್ಮೆ ಚಿಕಿತ್ಸೆಗೆ ಬಂದಾಗ ಗಂಗಲಕ್ಷ್ಮಮ್ಮನ ಮನೆಯಲ್ಲೇ ಇಳಿದುಕೊಂಡು, ಬೂದಿಗಾಲದ ಹೊಸ ಭಾಗಗಳನ್ನು ಹಗಲೆಲ್ಲ ಓದಿ ಹೋಗುತ್ತಿದ್ದಳು. ಹಿತ್ತಲಿಗೆ ಮಾತ್ರ ಬರುತ್ತಿರಲಿಲ್ಲ.

ಒಂದು ದಿನ ಉಗ್ರಪ್ಪನ ಅಂಗಡಿಯಲ್ಲಿ ಗಂಗಲಕ್ಷ್ಮಮ್ಮ ಗುರುಸಿದ್ದಯ್ಯನನ್ನು ಕಂಡಳು. ಪುಸ್ತಕವನ್ನು ತೊಡೆಗೆ ಬಡಿದು ಹಿಟ್ಟು ಕೊಡವುತ್ತಿದ್ದ. ಅವನು ಹೋದ ಮೇಲೆ ಅವಳು ಕೇಳಿದಳು.

"ಉಗ್ರಪ್ಪ, ಅವನಿಗೂ ಕೊಡ್ತೀಯಾ?"

"ಕೋರ್ಟೇ ಬಿಟ್ಟಿದೆಯಲ್ಲಮ್ಮ. ಹಳೇ ಗಿರಾಕಿ."

"ಕೋರ್ಟು ಬಿಡಬಹುದು. ಅವನು ಮುಟ್ಟಿದ್ದನ್ನ ನಾನು ಮುಟ್ಟೋದು ಹೆಂಗೆ?"

ಉಗ್ರಪ್ಪ ಪುಸ್ತಕ ಜೋಡಿಸುತ್ತ ಬೇರೆ ಕಡೆ ನೋಡಿದ. ಅಂದಿಗೆ ಅವಳು ಲೈಬ್ರರಿ ಬಿಟ್ಟಳು. ಅಲ್ಲಿಂದಾಚೆಗೆ ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಆರಿಸಿ ತರುತ್ತಿದ್ದಳು. ಯಾರು ಮುಟ್ಟಿದ್ದೆಂದು ಗೊತ್ತಿಲ್ಲದ್ದೇ ವಾಸಿಯೆನ್ನಿಸುತ್ತಿತ್ತು. ಹಾಗೇ ಒಂದು ದಿನ ಹೊಳ್ಳ ಮಾಲೆಯ ಕಡೆಯ ಭಾಗ, ಹೊಚ್ಚ ಹೊಸದು, ಅಂಗಡಿಯ ಕಿಟಕಿಯಲ್ಲಿ ಕಂಡಿತು. ತುಂಬ ಹೊತ್ತು ನಿಂತು ನೋಡಿ, ಕೊನೆಗೆ ಕೊಂಡುಬಿಟ್ಟಳು. ಎರಡೇ ದಿನದಲ್ಲಿ ಓದಿ ಮುಗಿಸಿದಳು. ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೇ ಅವಳಿಗೆ ಸಿಟ್ಟು ಬಂತು.

ಆ ವಾರವೇ ಹಾವನೂರು ಸರ್ಕಲ್ಲಿನ ಬಸ್‌ಸ್ಟಾಪಿನಲ್ಲಿ ಅವಳು ನಿಂತಿದ್ದಾಗ ಗುರುಸಿದ್ದಯ್ಯ ಬಂದು ಪಕ್ಕದಲ್ಲೇ ನಿಂತ. ಕೂದಲು ಪೂರ್ತಿ ಬಿಳಿಯಾಗಿತ್ತು. ಕೈಯಲ್ಲಿ ಅದೇ ಪುಸ್ತಕ, ಮೂಲೆ ಮಡಚಿದ್ದು.

"ಲಕ್ಷ್ಮಮ್ಮಾರೆ" ಎಂದ, ನಡುವೆ ಏನೂ ಆಗಿಯೇ ಇಲ್ಲವೆಂಬಂತೆ. "ಆದದ್ದು ಆತು ಬಿಡ್ರಿ. ಮಾತಾಡಾಕ ಒಬ್ರೂ ಇಲ್ಲ ನನಗ. ಈ ಕಡೇ ಭಾಗ ಓದಿದ್ರೇನು? ಅರ್ಧಕ್ಕ ಬಂದೀನ್ರಿ. ಎಂಥಾ ಕಥಿ! ಯಾರಂತ ಗೊತ್ತೇ ಆಗವಲ್ದು."

ಗಂಗಲಕ್ಷ್ಮಮ್ಮ ಅವನತ್ತ ತಿರುಗಿದಳು. ಮುಖದ ತುಂಬ ಆಸೆಯಿತ್ತು. ಮಿಠಾಯಿ ಅಂಗಡಿ ಮುಂದೆ ನಿಂತ ಮಗುವಿನ ಆಸೆ.

"ದೇವಸ್ಥಾನದ ಅರ್ಚಕನ ಹೆಂಡ್ತಿ" ಎಂದಳು. "ವಿಷ ಹಾಕಿದ್ದು ತೀರ್ಥದಲ್ಲಲ್ಲ, ದೀಪದ ಎಣ್ಣೇಲಿ. ಕೊನೇ ಪುಟದಲ್ಲಿ ಹೊಳ್ಳ ಸಾಯ್ತಾನೆ."

ಅವನ ಬಾಯಿ ತೆರೆದೇ ಉಳಿಯಿತು. ಪುಸ್ತಕ ಹಿಡಿದ ಕೈ ಕೆಳಗಿಳಿಯಿತು.

"ಛೇ! ಏನ್ರೀ ಇದು! ಎಷ್ಟು ವರ್ಷದಿಂದ ಕಾದಿದ್ದೆ ಇದಕ್ಕ!" ಕನ್ನಡಕ ತೆಗೆದು ಜುಬ್ಬಾದ ತುದಿಯಿಂದ ಕಣ್ಣು ಒರೆಸಿಕೊಂಡ. ನಿಜವಾಗಿಯೂ ನೀರಿತ್ತು. ಆಸ್ಪತ್ರೆಯಲ್ಲಿ ಸೊಸೆಯ ಹಾಸಿಗೆಯ ಪಕ್ಕ, ಕೋರ್ಟಿನಲ್ಲಿ ಹೆಂಡತಿಗೆ ಶಿಕ್ಷೆ ಓದಿದಾಗ, ಎಲ್ಲೂ ಒದ್ದೆಯಾಗದ ಕಣ್ಣು ಅವು.

ಇದನ್ನು ಹೇಳಿದರೆ ಸಮಾಧಾನವಾದೀತು ಎಂದುಕೊಂಡಿದ್ದಳು ಗಂಗಲಕ್ಷ್ಮಮ್ಮ. ಆ ಒದ್ದೆ ಕಣ್ಣು ನೋಡಿದ ಮೇಲೆ ಅವನ ಪಕ್ಕ ಇನ್ನು ಒಂದು ಗಳಿಗೆಯೂ ನಿಲ್ಲಲಾಗದೆ, ಬಂದ ಮೊದಲ ಬಸ್ಸನ್ನು ಹತ್ತಿದಳು. ಅದು ಸುಂಕದಕಟ್ಟೆಯ ಬಸ್ಸು. ಕಂಡಕ್ಟರು ಎಲ್ಲಿಗೆ ಎಂದು ಕೇಳಿದಾಗ "ಕಡೇ ಸ್ಟಾಪು" ಎಂದಳು. ಅಲ್ಲಿಳಿದು, ಹೋಟೆಲೊಂದರ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಇನ್ನೊಂದು ಸಲ ಮುಕ್ಕಳಿಸಿ, ಒಂದು ಸ್ಟ್ರಾಂಗ್ ಕಾಫಿ ಕುಡಿದಳು. ಅದೇ ಬಸ್ಸು ತಿರುಗಿ ಹೊರಡುವಾಗ ಹತ್ತಿಕೊಂಡಳು.

ಇನ್‌ಸ್ಟಿಟ್ಯೂಟು ಮುಟ್ಟುವ ಹೊತ್ತಿಗೆ ಸಂಜೆಯ ಬ್ಯಾಚಿನವರು ಮೇಡಮ್ಮಿಗೆ ಕಾಯದೆ ಶುರು ಮಾಡಿಬಿಟ್ಟಿದ್ದರು. ಮೆಟ್ಟಿಲ ಕೆಳಗಿಂದಲೇ ಯಂತ್ರಗಳ ಸದ್ದು ಕೇಳಿಸುತ್ತಿತ್ತು. ಗಂಗಲಕ್ಷ್ಮಮ್ಮ ಮೇಲೆ ಹೋಗಿ, ಕೈಚೀಲ ಮೊಳೆಗೆ ತಗುಲಿಸಿ, ಕಿಟಕಿಯ ಹತ್ತಿರದ ಹುಡುಗಿಯ ಬೆನ್ನು ತಟ್ಟಿ, ನೆಟ್ಟಗೆ ಕೂತುಕೋ ಎಂದಳು.